ಕನಸೆಂದು ತಿಳಿದು ಕೊಟ್ಟ ಮಾತು

ನಾನು ಕಲಬುರಗಿಯಲ್ಲಿ ಮಾಸ್ತರ. ಶಾಲೆಯಲ್ಲಿ ಇಡೀ ತರಗತಿ ನನ್ನ ಮಾತು ಕೇಳುತ್ತದೆ. ಮನೆಯಲ್ಲಿ ಬೆಕ್ಕೂ ಕೇಳುವುದಿಲ್ಲ. ಹೀಗಾಗಿ ಸ್ಟೇಶನ್ ಬಜಾರದ ರದ್ದಿ ಅಂಗಡಿಯಲ್ಲಿ 'ನಿಮ್ಮ ಕನಸಿಗೆ ನೀವೇ ಯಜಮಾನರು' ಎಂಬ ಲೇಖನ ಕಂಡಾಗ ನನಗೆ ರೋಮಾಂಚನವೇ ಆಯಿತು! ನಿದ್ದೆ ಒಂದೂವರೆ ತಾಸಿಗೊಂದು ಸುತ್ತು ಹಾಕುತ್ತದಂತೆ. ಮೂರು ಸುತ್ತು ಮುಗಿಯುವ ಹೊತ್ತಿಗೆ ಅಲಾರ್ಮಿಟ್ಟು ಎದ್ದು, ಸ್ವಲ್ಪ ಕುಳಿತು ಮತ್ತೆ ಮಲಗಿದರೆ, ಕನಸು ಬೀಳುತ್ತಿರುವಾಗಲೇ ಅದು ಕನಸೆಂದು ನಮಗೆ ತಿಳಿಯುತ್ತದಂತೆ. ಆಮೇಲೆ ನಮ್ಮದೇ ರಾಜ್ಯ. ಹಾರಲೂಬಹುದು! ಗುರುತು ಒಂದೇ: ಎಚ್ಚರದಲ್ಲಿ ಎಂದಿಗೂ ನಡೆಯದ್ದು ನಡೆದರೆ, ಅದು ಕನಸು.

ಒಂದು ವಾರ ಈ ತಪಸ್ಸು ನಡೆಯಿತು. ಅಲಾರ್ಮು ತಪ್ಪದೆ ಬಂತು. ಕನಸು ಬರಲಿಲ್ಲ. ಇದ್ದ ನಿದ್ದೆಯೂ ಹೋಯಿತು!

"ನಿಮ್ಮ ಕನಸಿಗಿಷ್ಟು ಬೆಂಕಿ ಹತ್ತಲಿ! ದಿನಾ ಕೋಳಿಕಿಂತ ಮೊದಲ ಎಬ್ಬಸ್ತೀರಲ್ರೀ" ಎಂದು ಹೆಂಡತಿ ಸುನಂದಾ ಗಡಿಯಾರವನ್ನು ಜೋಳದ ಚೀಲದಲ್ಲಿ ಹೂತಿಟ್ಟಳು. ಅದು ಅಲ್ಲಿಂದಲೇ ಕೂಗಿತು.

ಅದೇ ಭಾನುವಾರ ಅವಳ ತಮ್ಮ ಶರಣುವಿಗೆ ಹೆಣ್ಣು ನೋಡಲು ಕಮಲಾಪುರಕ್ಕೆ ಹೊರಟೆವು. ಹಿಂದಿನ ಸಂಬಂಧಗಳನ್ನೆಲ್ಲ ನಮ್ಮ ಅತ್ತೆಯವರು ಬೈಕು, ಬಂಗಾರ ಎಂದು ಪಟ್ಟು ಹಿಡಿದು ಮುರಿದಿದ್ದರು. ಈ ಹುಡುಗಿಯನ್ನಂತೂ ಶರಣು ಮೊದಲೇ ಜಾತ್ರೆಯಲ್ಲಿ ನೋಡಿ ಮನಸಾರೆ ಮೆಚ್ಚಿದ್ದ.

"ಮಾಮಾ, ಇದೊಂದು ತಪ್ಪಿದ್ರ ನಾ ಮಠ ಸೇರ್ತೀನಿ ನೋಡ್ರಿ" ಎಂದು ಬಸ್ಸಿನಲ್ಲಿ ನನ್ನ ಕೈ ಹಿಡಿದ.

"ನೀವು ಅಲ್ಲಿ ಬಾಯಿ ತೆಗೀಬ್ಯಾಡ್ರಿ" ಎಂದಳು ಸುನಂದಾ. ಆಕಳಿಸಲು ತೆಗೆದಿದ್ದ ಬಾಯಿಯನ್ನೂ ಮುಚ್ಚಿಕೊಂಡೆ.

ಹೆಣ್ಣಿನ ಮನೆಯಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕೂಡಿಸಿ ಉಪ್ಪಿಟ್ಟು ಕೊಟ್ಟರು. ತಿನ್ನುತ್ತಲೇ ನನಗೆ ಜೋಂಪು ಹತ್ತಿತು. ಅಷ್ಟರಲ್ಲಿ ಸುನಂದಾ ಹುಡುಗಿಯ ಅಜ್ಜ ಮುತ್ಯಾನಿಗೆ ಹೇಳುವುದು ಕೇಳಿಸಿತು: "ನಮ್ಮ ಮನ್ಯಾಗ ಇವರದ ಮಾತ್ರೀ. ಇವರಂದದ್ದು ನಾ ಎಂದೂ ಮೀರಿಲ್ಲ."

"ಹೌದ್ರಿ, ಅಳಿಯಂದ್ರು ಹೇಳಿದ್ದ ಕಡೀ ಮಾತು" ಎಂದರು ಅತ್ತೆಯವರು!

ನನ್ನ ಮೈ ಜುಮ್ಮೆಂದಿತು. ಕನಸು! ಸಂಶಯವೇ ಇಲ್ಲ, ಇದು ಕನಸು!

ಹೊರಸಿನ ಮೇಲೆ ಎದ್ದು ನಿಂತೆ. "ಬೈಕು ಬ್ಯಾಡ! ಬಂಗಾರ ಬ್ಯಾಡ! ಲಗ್ನದ ಖರ್ಚೆಲ್ಲಾ ನಮ್ದ!" ಎಂದು ಘೋಷಿಸಿ, ಎರಡೂ ಕೈ ಚಾಚಿ ಆಕಾಶಕ್ಕೆ ಹಾರಿದೆ. ನೆಲದ ಮೇಲಿದ್ದ ಉಪ್ಪಿಟ್ಟಿನ ದೊಡ್ಡ ಪರಾತದಲ್ಲಿ ಇಳಿದೆ. ಉಪ್ಪಿಟ್ಟು ಬಿಸಿಯಿತ್ತು. ಕನಸಾಗಿರಲಿಲ್ಲ!

"ಭಲೇ ಮಾಸ್ತರ! ಖುಷೀಲೇ ಜಿಗದಾಡಿ ಹೇಳ್ಯಾರ ನೋಡ್ರಿ!" ಎಂದು ಮುತ್ಯಾ ಕಣ್ಣೊರೆಸಿಕೊಂಡರು. "ಏ, ಸಕ್ಕರಿ ತರ್ರಿ!"

ಅತ್ತೆಯವರು "ಅಯ್ಯ, ಇವರಿಗಿ ನಿದ್ದಿ..." ಎಂದು ಬಾಯಿ ತೆರೆದರು. ತೆರೆದ ಬಾಯಿಗೆ ಯಾರೋ ಸಕ್ಕರೆ ಹಾಕಿಯೇಬಿಟ್ಟರು. ನಮ್ಮ ಕಡೆ ಬಾಯಿಗೆ ಸಕ್ಕರೆ ಬಿತ್ತೆಂದರೆ ಮುಗಿಯಿತು, ಕೊಟ್ಟ ಮಾತು ತಿರುಗಿಸುವಂತಿಲ್ಲ. ಶರಣು ಉಪ್ಪಿಟ್ಟು ಮೆತ್ತಿದ ನನ್ನ ಕಾಲಿಗೆ ಹಾಗೆಯೇ ಬಿದ್ದ.

ಈಗ ಅವನ ಸಂಸಾರ ಸುಖವಾಗಿದೆ. ಬೈಕು ಬರಲಿಲ್ಲವೆಂದು ಅತ್ತೆಯವರು ನನ್ನ ಸ್ಕೂಟರನ್ನೇ ಅವನಿಗೆ ಕೊಡಿಸಿದರು. ನಾನು ಶಾಲೆಗೆ ನಡೆದೇ ಹೋಗುತ್ತೇನೆ. ಆದರೂ ಹೆಂಡತಿಯ ಮನೆಯವರ ಮುಂದೆ ಒಮ್ಮೆಯಾದರೂ ನನ್ನ ಮಾತು ನಡೆಯಿತಲ್ಲ! ನಡೆದದ್ದು ಅದೊಂದೇ ಸಲ. ಅದೂ ನಾನು ನಿದ್ದೆಯಲ್ಲಿದ್ದೇನೆಂದು ತಿಳಿದಿದ್ದಾಗ.