ಪಕ್ಕದ ರಾಜ್ಯದ ಕೋವಿ ಲೈಸೆನ್ಸ್

ಕೋವಿ ಇದ್ದವರ ರಗಳೆಗಿಂತ ಕೋವಿ ಬೇಕು ಅನ್ನುವವರ ರಗಳೆಯೇ ಜಾಸ್ತಿ ಮಾರಾಯ್ರೆ, ಅದೂ ಸೀದಾ ನನ್ನ ತಲೆಗೇ ಬಂದು ಬೀಳ್ತದೆ. ನಾನು ಉಡುಪಿಯವಳು, ಈಗ ಮನೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ. ಊರ ಹೊರಗಿನ ಒಂದು ಪುಟ್ಟ ಶೂಟಿಂಗ್ ಕ್ಲಬ್ಬಿಗೆ ಸೆಕ್ರೆಟರಿ. ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗೆ ಗುರಿ ಇಡುವುದು ನಮ್ಮ ಆಟ. ಕೋಪ ಮೂಗಿನ ತುದಿಯಲ್ಲೇ ಉಂಟು, ಮೊದಲೇ ಹೇಳಿಬಿಡ್ತೇನೆ.

ಕಳೆದ ವರ್ಷ ನಮ್ಮ ಕ್ಲಬ್ಬಿನ ಪರ್ಮಿಷನ್ ಮುಂದುವರಿಸುವುದೋ, ಬಾಗಿಲು ಹಾಕಿಸುವುದೋ ಅಂತ ಕೌನ್ಸಿಲ್‌ನವರು ಮೀಟಿಂಗ್ ಇಟ್ಟರು. ನಾವು ಶಿಸ್ತಿನ ಜನ ಅಂತ ತೋರಿಸಲು ಒದ್ದಾಡ್ತಿದ್ದೆವು. ಆಗಲೇ ಬಂತು ನೋಡಿ ವಾಟ್ಸಾಪಿನಲ್ಲಿ ಆ ಜಾಹೀರಾತು.

೧. ಪಾಂಡಿಚೇರಿ ಬುದ್ಧಿ

"ಸಿಡ್ನಿಯಲ್ಲಿ ಕಾಯೋದು ಯಾಕೆ? ಮೆಲ್ಬರ್ನ್ ಕಡೆ ಕೋವಿ ಲೈಸೆನ್ಸ್ ಮಾಡಿಸಿಕೊಡ್ತೀವಿ! ಕ್ಲಾಸ್ ಬೇಡ, ಟೆಸ್ಟ್ ಬೇಡ. ಇದು ನಿಮ್ಮ ಹಕ್ಕು!" ಹಾಕಿದವನು ಪಕ್ಕದ ರಾಜ್ಯದಲ್ಲಿ, ಮೆಲ್ಬರ್ನ್ ಹತ್ತಿರದ ಡ್ಯಾಂಡಿನಾಂಗ್‌ನ ಏಜೆಂಟ್, ನಮ್ಮವನೇ.

ಇಲ್ಲಿ ವಾಸ ಇರುವ ರಾಜ್ಯದಲ್ಲೇ ಲೈಸೆನ್ಸ್ ಮಾಡಿಸಬೇಕು, ಕಲಿತು ಪಾಸಾಗಬೇಕು. ಅಡ್ಡದಾರಿ ಇಲ್ಲ. ಆದರೆ ತೆರಿಗೆ ಉಳಿಸಲು ಪಾಂಡಿಚೇರಿ ನಂಬರ್ ಪ್ಲೇಟ್ ಹಾಕಿ ಬೆಂಗಳೂರಲ್ಲಿ ಕಾರು ಓಡಿಸಿದ ಜನಕ್ಕೆ ಇದನ್ನು ಯಾರು ಹೇಳುವುದು?

ಇಲ್ಲೇ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಐಟಿ ಕೆಲಸದ ಒಬ್ಬ ಕೂಡಲೇ ಫೋನ್ ಮಾಡಿದ. "ಅಕ್ಕಾ, ನಮ್ ಭಾವ ಮೆಲ್ಬರ್ನಲ್ಲೇ ಇದಾರೆ. ಅವ್ರ ಅಡ್ರೆಸ್ ಕೊಟ್ರೆ ಆಯ್ತಲ್ವಾ?"

"ಆಗ್ತದೆ. ಗಂಟುಮೂಟೆ ಕಟ್ಟಿ ಅವರ ಮನೆಯಲ್ಲೇ ಹೋಗಿ ವಾಸ ಮಾಡು."

"ಭಾವನ ಜೊತೆನಾ? ಅಯ್ಯೋ, ಬೇಡಕ್ಕಾ. ನಾನು ಕ್ಲಾಸಿಗೇ ಬರ್ತೀನಿ."

೨. ಹಕ್ಕಿನ ಹೋರಾಟಗಾರ

ತಂಗಿಯ ಗೃಹಪ್ರವೇಶಕ್ಕೆ ಮೆಲ್ಬರ್ನಿಗೆ ಹೋದವಳು ಅದೇ ರೇಷ್ಮೆ ಸೀರೆಯಲ್ಲಿ ರೈಲು ಹತ್ತಿ ಡ್ಯಾಂಡಿನಾಂಗ್‌ಗೆ ನುಗ್ಗಿದೆ. ಅಂಗಡಿ ತುಂಬಾ ಏಜೆಂಟಿನದೇ ಫೋಟೋ, ಕಪ್ಪು ಕನ್ನಡಕ, ಹೆಗಲ ಮೇಲೆ ಕೋವಿ.

"ನೋಡಿ, ನಾವು ಹಕ್ಕು ಅಂತ ಬಾಯಿ ತೆರೆದರೆ ಸಾಕು, ಜನ ನಿಮ್ಮ ಜಾಹೀರಾತನ್ನು ಮುಖಕ್ಕೆ ಹಿಡೀತಾರೆ. ನಮ್ಮ ಕ್ಲಬ್ಬಿಗೆ ಕಲ್ಲು ಹಾಕಬೇಡಿ. ತೆಗೀರಿ ಅದನ್ನು!" ಅಂತ ಗುಡುಗಿದೆ.

"ಮೇಡಂ, ನಾನು ಹೋರಾಡ್ತಿರೋದೇ ನಿಮ್ಗೋಸ್ಕರ!"

"ನಿಮಗೆ ಲೈಸೆನ್ಸ್ ಉಂಟಾ?"

"ನಂಗಾ? ಆ ಫೋಟೋದಲ್ಲಿರೋದು ಪ್ಲಾಸ್ಟಿಕ್ ಕೋವಿ ಮೇಡಂ. ದೀಪಾವಳಿ ಪಟಾಕಿಗೇ ನಾನು ಕಿವಿ ಮುಚ್ಕೊಂಡು ಬಾತ್‌ರೂಮಿಗೆ ಓಡ್ತೀನಿ."

೩. ಪುರೋಹಿತರಿಗೆ ತಡೆ

ನಮ್ಮ ಕೋಚ್ ಕೊಡಗಿನ ಅಂಕಲ್. ರೂಲ್ಸ್ ಅಂದರೆ ರೂಲ್ಸ್. ಆಯುಧಪೂಜೆಗೆ ಪುರೋಹಿತರನ್ನು ಕರೆಸಿದ್ದೆವು. ಅವರು ಕುಂಕುಮ ಹಿಡಿದು, "ಕೋವಿ ಕಪಾಟು ತೆಗೀರಿ, ಆಯುಧಕ್ಕೆ ಹಚ್ಚಬೇಕು" ಅಂದರು.

ಅಂಕಲ್ ಅಡ್ಡ ನಿಂತರು. "ನಿಮ್ಗೆ ಲೈಸೆನ್ಸ್ ಇದೆಯಾ?"

"ನಾನು ಪೂಜೆ ಮಾಡುವವನು ಮಾರಾಯ್ರೆ!"

"ಹಾಗಾದ್ರೆ ಬಾಗಿಲಿಗೇ ಮಾಡಿ."

ಬೀಗ ಹಾಕಿದ ಕಬ್ಬಿಣದ ಕಪಾಟಿಗೇ ಹೂವು, ಕುಂಕುಮ, ಮಂಗಳಾರತಿ ಎಲ್ಲ ಆಯಿತು. ಪುರೋಹಿತರು ಹೊರಡುವಾಗ ನನ್ನ ಕಿವಿಯಲ್ಲಿ, "ಇವರ ಎದುರು ದೇವಿಗೂ ಐಡಿ ಕಾರ್ಡ್ ಬೇಕಾದೀತು" ಅಂದರು.

೪. ಉಪ್ಪಿಲ್ಲದ ಸಾರು

ಮೀಟಿಂಗ್ ದಿನ ಬಂತು. ಕ್ಲಬ್ ಮುಚ್ಚಿಸಲೇಬೇಕು ಅಂತ ಹಟ ಹಿಡಿದಿದ್ದ ಪಕ್ಕದ ಫಾರ್ಮಿನ ಆಸ್ಟ್ರೇಲಿಯನ್ ಅಜ್ಜಿ ಎದ್ದು ಅದೇ ಜಾಹೀರಾತಿನ ಪ್ರಿಂಟ್ ಎತ್ತಿ ತೋರಿಸಿದಳು. "ಕ್ಲಾಸ್ ಬೇಡ, ಟೆಸ್ಟ್ ಬೇಡವಂತೆ! ಇಂಥವರನ್ನು ನಂಬುವುದಾ?"

ಹಿಂದಿನಿಂದ ಒಂದು ಧ್ವನಿ. "ಅದು ನಂದೇ!" ನಮಗೆ ಬೆಂಬಲ ಕೊಡಲು ಏಜೆಂಟ್ ಮೆಲ್ಬರ್ನಿಂದ ಬಂದಿದ್ದ! ಅಜ್ಜಿಯ ಕೈಗೂ ವಿಸಿಟಿಂಗ್ ಕಾರ್ಡ್ ಕೊಟ್ಟ. ಮುಗಿಯಿತು ನಮ್ಮ ಕತೆ ಅಂದುಕೊಂಡೆ.

ಕೌನ್ಸಿಲ್ ಅಧ್ಯಕ್ಷರು ಅಂಕಲ್ ಕಡೆ ತಿರುಗಿದರು. "ಟೆಸ್ಟ್ ಇಲ್ಲದೆ ಬಂದವರನ್ನು ನೀವು ಸೇರಿಸಿಕೊಳ್ತೀರಾ?"

"ನನ್ನ ಹೆಂಡತೀನೇ ಎರಡು ಸಲ ಫೇಲ್ ಮಾಡಿದ್ದೀನಿ ಸ್ವಾಮಿ."

"ಎರಡಲ್ಲ, ಮೂರು!" ಆಂಟಿ ಧಡಕ್ಕನೆ ಎದ್ದರು. "ಮೂರೂ ಸಲ ಇವರಿಗೆ ಉಪ್ಪಿಲ್ಲದ ಸಾರು ಬಡಿಸಿದೆ. ತುಟಿ ಬಿಚ್ಚದೆ ಉಂಡರು, ಆದ್ರೂ ಪಾಸ್ ಮಾಡ್ಲಿಲ್ಲ!"

ಹಾಲ್ ಗೊಳ್ಳೆಂದಿತು. ಅಜ್ಜಿ ಜಾಹೀರಾತನ್ನು ಮಡಚಿ ಏಜೆಂಟಿನ ಕೈಗೇ ವಾಪಸ್ ಕೊಟ್ಟಳು. "ಹೆಂಡತಿಯ ಸಾರಿಗೇ ಬಗ್ಗದವನು ನಿನಗೆ ಬಗ್ತಾನಾ? ನನ್ನ ತಕರಾರಿಲ್ಲ."

ಪರ್ಮಿಷನ್ ಸಿಕ್ಕಿತು! ನಾನಂತೂ ಕೌನ್ಸಿಲ್ ಹಾಲಿನಲ್ಲೇ ಕುಣಿದುಬಿಟ್ಟೆ. ಏಜೆಂಟ್ ತಲೆ ತಗ್ಗಿಸಿ ಅಲ್ಲೇ ಫೋನ್ ತೆಗೆದು ಜಾಹೀರಾತು ಅಳಿಸಿದ.

ಶನಿವಾರ ಕ್ಲಬ್ಬಿನಲ್ಲಿ ಗೆದ್ದ ಊಟ, ಅಡುಗೆ ಆಂಟಿಯದ್ದೇ. ಅಜ್ಜಿಯೂ ಬಂದು ಪಂಕ್ತಿಯಲ್ಲಿ ಕೂತಿದ್ದಳು. ನಮ್ಮೆಲ್ಲರ ಸಾರು ಅಮೃತ. ಅಂಕಲ್ ಮಾತ್ರ ಒಂದು ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು.

"ಗೆದ್ವಲ್ಲ, ಇವತ್ತೂ ಯಾಕೆ ಉಪ್ಪಿಲ್ಲ?"

"ನಾಳೆ ನನ್ನ ನಾಲ್ಕನೇ ಟೆಸ್ಟ್ ಅಲ್ವಾ," ಅಂದರು ಆಂಟಿ, "ಮೊದಲೇ ನೆನಪು ಮಾಡಿದೆ."