ಭಾವನ ಮೆಕ್ಸಿಕೋ ಅಭ್ಯಾಸ

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೆಕ್ಸಿಕೋ ನೋಡುವ ಮೊದಲೇ ಮೆಕ್ಸಿಕೋದಲ್ಲಿ ಏದುಸಿರು ಬಿಟ್ಟು, ಹೊಟ್ಟೆ ಕೆಡಿಸಿಕೊಂಡು, ನಿದ್ದೆಗೆಟ್ಟವರು. ಇದಿಷ್ಟೂ ನಡೆದದ್ದು ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ನಂಬುವುದೂ ಬಿಡುವುದೂ ನಿಮ್ಮಿಷ್ಟ.

ಜರ್ಮನಿಯವರು ಸಾಫ್ಟ್‌ವೇರ್ ಮಂದಿಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಉಡುಪಿಯಿಂದ ಮೊದಲು ಭಾವ ಬಂದರು, ಆಮೇಲೆ ಅಕ್ಕ, ಕೊನೆಗೆ ಕಾರ್ಲ್ಸ್‌ರುಹೆಯ ಕೆಲಸಕ್ಕೆ ನಾನು. ಶನಿವಾರ ಬಂತೆಂದರೆ ಅಕ್ಕನ ಕೈಯ ಸಾರಿಗಾಗಿ ರೈಲು ಹತ್ತುತ್ತಿದ್ದೆ.

ಭಾವನ ಆಫೀಸಿನಲ್ಲಿ ಜನವರಿಯಿಂದಲೇ ಒಂದೇ ಮಾತು. ಬೇಸಿಗೆಯ ಉರ್ಲಾಬ್ ಎಲ್ಲಿಗೆ? ಉರ್ಲಾಬ್ ಎಂದರೆ ರಜೆ. ಅದಕ್ಕಾಗಿಯೇ ಉಳಿದ ಹನ್ನೊಂದು ತಿಂಗಳು ದುಡಿಯುವ ದೇಶ. ಭಾವ ಪ್ರತಿ ವರ್ಷ "ಉಡುಪಿ" ಎನ್ನುತ್ತಿದ್ದರು. ಆಮೇಲೆ ನನ್ನ ಹತ್ತಿರ, "ಅದು ರಜೆ ಅಲ್ಲ ಮಾರಾಯ, ಡ್ಯೂಟಿ. ಒಂದೂ ಮನೆ ಬಿಡದೆ ಹೋಗಿ ಕಾಫಿ ಕುಡಿಯುವ ಡ್ಯೂಟಿ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಆ ವರ್ಷ ಮದ್ದಿನಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಮೆಕ್ಸಿಕೋದ ಪ್ವೆಬ್ಲಾ ಎಂಬ ಹಳೆಯ ಪಟ್ಟಣದ ಚಿತ್ರವಿತ್ತು. ಸಾಲು ಮನೆಗಳು, ಗೋಡೆಯ ತುಂಬ ನೀಲಿ ಹಳದಿ ಹೂವಿನ ಟೈಲ್ಸ್. ಅಕ್ಕ ಅದನ್ನು ತುಂಬ ಹೊತ್ತು ನೋಡಿ, "ಹೊರಗೋಡೆಗೆ ಇಷ್ಟು ಚಂದ ಮಾಡ್ತಾರಾ? ನಮ್ಮಲ್ಲಿ ದೇವರ ಕೋಣೆಗೂ ಹೀಗೆ ಹಾಕುವುದಿಲ್ಲ. ಒಮ್ಮೆ ನೋಡ್ಬೇಕಿತ್ತು" ಎಂದಳು. ಜರ್ಮನಿಗೆ ಬಂದ ಮೇಲೆ ಅವಳು ತೆಂಗಿನಕಾಯಿ ಬಿಟ್ಟು ಬೇರೇನನ್ನೂ ಕೇಳಿದ್ದು ನನಗೆ ಗೊತ್ತಿಲ್ಲ. ಭಾವ ಕಾಫಿ ಲೋಟ ಕೆಳಗಿಟ್ಟರು. ಬೇಸಿಗೆಗೆ ಪ್ವೆಬ್ಲಾ ಎಂದು ಆ ಕ್ಷಣವೇ ತೀರ್ಮಾನವಾಯಿತು.

ಬೇರೆಯವರಾದರೆ ಟಿಕೆಟು ಹುಡುಕುತ್ತಾರೆ. ಭಾವ ಅಭ್ಯಾಸ ಶುರುಮಾಡಿದರು.

ಪ್ವೆಬ್ಲಾ ಬಹಳ ಎತ್ತರದಲ್ಲಿರುವ ಊರು, ಅಲ್ಲಿ ಉಸಿರು ಸಾಲುವುದಿಲ್ಲವಂತೆ. ಸರಿ, ಬೆನ್ನಿಗೆ ಅಕ್ಕಿ ಮೂಟೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಕೆಳಗಿನ ಮನೆಯಲ್ಲಿದ್ದ ಒಡತಿ ಬಾಗಿಲು ತೆರೆದು ಮೂಟೆಯನ್ನು ನೋಡಿದಳು. "ಮನೆ ಖಾಲಿ ಮಾಡುತ್ತಿದ್ದೀರಾ?" ಎಂದು ಕೇಳಿದಳಂತೆ. ಅವಳ ದನಿಯಲ್ಲಿ ಆಸೆ ಇತ್ತು ಎನ್ನುತ್ತಾಳೆ ಅಕ್ಕ.

ಆಮೇಲೆ ನಾಲಿಗೆಯ ಅಭ್ಯಾಸ. ಅಲ್ಲಿ ಮೆಣಸು ಅರೆದು ಚಾಕೊಲೇಟು ಹಾಕಿ ಗಸಿ ಮಾಡುತ್ತಾರೆಂದು ಓದಿ, ಅಕ್ಕ ಬ್ಯಾಡಗಿ ಮೆಣಸು ಅರೆದು ಮಾಡಿದ್ದ ಗಸಿಗೆ ಒಂದು ಇಡೀ ಚಾಕೊಲೇಟು ಮುರಿದು ಹಾಕಿದರು. ಅಕ್ಕ ಸೌಟು ಹಿಡಿದು ನಿಂತು ಕೇಳಿದಳು, "ಇದನ್ನೀಗ ಅನ್ನಕ್ಕೆ ಬಡಿಸುವುದಾ, ಕ್ಯಾಂಡಲ್ ಹಚ್ಚಿ ಕತ್ತರಿಸುವುದಾ?" ಎರಡು ದಿನ ಭಾವ ಆಫೀಸಿಗೆ ಹೋಗಲಿಲ್ಲ.

ಮೂರನೆಯದು ಹೊತ್ತಿನ ಅಭ್ಯಾಸ. ಪ್ವೆಬ್ಲಾ ನಮಗಿಂತ ಏಳು ಗಂಟೆ ಹಿಂದೆ. ಭಾವ ಒಂದು ವಾರ ರಜೆ ಹಾಕಿ, ಗಡಿಯಾರ ಹಿಂದಕ್ಕೆ ತಿರುಗಿಸಿ, ಮಧ್ಯಾಹ್ನ ಮೂರಕ್ಕೆ ಹಲ್ಲುಜ್ಜತೊಡಗಿದರು. ಫೋನು ಮಾಡಿದರೆ ಅಕ್ಕ, "ಅವರು ಇನ್ನೂ ಎದ್ದಿಲ್ಲ, ಅಲ್ಲಿ ಬೆಳಗಾಗಲಿಲ್ಲ" ಎನ್ನುತ್ತಿದ್ದಳು.

ಆ ವಾರದ ಶನಿವಾರವೇ ಅದು ಆದದ್ದು.

ಪ್ವೆಬ್ಲಾದ ಬೀದಿಗಳಲ್ಲಿ ಕೆಂಡದ ಮೇಲೆ ಜೋಳದ ತೆನೆ ಸುಟ್ಟು, ನಿಂಬೆರಸ ಹಿಂಡಿ ಕೊಡುತ್ತಾರಂತೆ. ಭಾವ ತೆನೆ ತಂದಿದ್ದರು, ಇದ್ದಿಲು ತಂದಿದ್ದರು, ಪುಟ್ಟದೊಂದು ಗ್ರಿಲ್ಲೂ ಇತ್ತು. ಬಾಲ್ಕನಿಯಲ್ಲಿ ಹಿಮ. ಅಲ್ಲದೆ ಅಲ್ಲಿ ಸುಡಬಾರದೆಂದು ಒಡತಿಯ ಕಟ್ಟಪ್ಪಣೆ. "ನಮ್ಮ ಊರಲ್ಲಿ ಒಲೆ ಮನೆಯೊಳಗೇ ಇರುವುದಲ್ವಾ? ನೀನು ನಿಂಬೆಹಣ್ಣು ತಕೊಂಡು ಬಾ" ಎಂದು ನನ್ನನ್ನು ಅಂಗಡಿಗೆ ಕಳಿಸಿದರು. ಗ್ರಿಲ್ಲನ್ನು ಅಡುಗೆಮನೆಗೆ ತಂದು, ವಾಸನೆ ಒಡತಿಗೆ ಹೋಗದಿರಲೆಂದು ಕಿಟಕಿ ಬಾಗಿಲು ಮುಚ್ಚಿದರು. ಊರಿನ ಹಂಚಿನ ಮಾಡಿನ ಸಂದಿಯಲ್ಲಿ ಹೊಗೆ ತಾನೇ ದಾರಿ ಮಾಡಿಕೊಂಡು ಹೋಗುತ್ತದೆ. ಜರ್ಮನಿಯ ಕಿಟಕಿಗೆ ಎರಡು ಗಾಜು, ಸುತ್ತ ರಬ್ಬರು. ಗಾಳಿ ಹೋಗುವುದಿಲ್ಲ, ಬರುವುದಿಲ್ಲ. ಕೆಂಡದ ವಿಷಗಾಳಿಗಾದರೋ ಬಣ್ಣವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ.

ನಾನು ಮರಳಿ ಬಂದು ಗಂಟೆ ಒತ್ತಿದೆ. ಮತ್ತೆ ಒತ್ತಿದೆ. ಅಷ್ಟರಲ್ಲಿ ಒಡತಿ ಮೆಟ್ಟಿಲು ಹತ್ತಿ ಬಂದಳು. ಅಂಗಳದಿಂದ ನೋಡಿದರೆ ಅಡುಗೆಮನೆಯ ಗಾಜೆಲ್ಲ ಬೆವರಿದೆ, ಕಿಟಕಿ ತೆರೆಯಿರಿ ಎಂದು ಎಷ್ಟು ಸಲ ಹೇಳುವುದು ಎಂದು ಗದರಲು ಬಂದವಳು. ಬಾಗಿಲು ತೆರೆಯದ್ದನ್ನು ಕಂಡು ತನ್ನ ಬಳಿಯಿದ್ದ ಬೀಗದ ಕೈ ಹಾಕಿದಳು.

ಅಕ್ಕ ಫ್ರಿಜ್ಜಿಗೆ ಒರಗಿ ಕೂತಿದ್ದಳು, ತಲೆ ಒಂದು ಕಡೆ ವಾಲಿತ್ತು. ಭಾವ ಮೊಣಕಾಲೂರಿ ಕಿಟಕಿಯ ಹಿಡಿಕೆ ಹಿಡಿದಿದ್ದರು. ದಿನವೂ ತಿರುಗಿಸುವ ಹಿಡಿಕೆ. ತಿರುಗಿಸಲು ಕೈಯಲ್ಲಿ ಬಲವಿರಲಿಲ್ಲ. ನನ್ನನ್ನು ನೋಡಿ, "ಮೊದಲು ಅವಳನ್ನು" ಎಂದಷ್ಟೇ ಹೇಳಿದರು. ಒಡತಿ ಕಿಟಕಿಗಳನ್ನು ಹಾರು ಹೊಡೆದಳು. ನಾನು ಅಕ್ಕನ ಕಂಕುಳಿಗೆ ಕೈ ಕೊಟ್ಟು ಎಳೆದೆ. ಅವಳ ಹಿಮ್ಮಡಿ ನೆಲಕ್ಕೆ ಉಜ್ಜುತ್ತಿದ್ದ ಸದ್ದು ಈಗಲೂ ಕೆಲವೊಮ್ಮೆ, ಬಟ್ಟೆ ಮಡಚುವಾಗ, ರೈಲಿಗೆ ಕಾಯುವಾಗ, ಕಿವಿಯೊಳಗೆ ಬರುತ್ತದೆ. ಈಗ ಎಂಥ ಚಳಿಯಲ್ಲೂ ನನ್ನ ಕೋಣೆಯ ಕಿಟಕಿ ಒಂದು ಬೆರಳಿನಷ್ಟು ತೆರೆದಿರುತ್ತದೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ಮೊದಲು ಭಾವ, ಆಮೇಲೆ ಅಕ್ಕ ಕಣ್ಣು ಬಿಟ್ಟರು. ಮಿದುಳಿಗೆ ಪೆಟ್ಟಾಗಿದೆಯೇ ಎಂದು ನೋಡಲು ಡಾಕ್ಟರಮ್ಮ ಭಾವನನ್ನು ಕೇಳಿದಳು, "ಈಗ ಸುಮಾರು ಎಷ್ಟು ಗಂಟೆ?" ಹೊರಗೆ ಕತ್ತಲಾಗಿತ್ತು.

"ಬೆಳಿಗ್ಗೆ ಹನ್ನೊಂದು" ಎಂದರು ಭಾವ.

ಡಾಕ್ಟರಮ್ಮನ ಮುಖ ಗಂಭೀರವಾಯಿತು. ಅದು ವಿಷಗಾಳಿಯ ದೋಷವಲ್ಲ, ಅವರು ಈ ವಾರ ಮೆಕ್ಸಿಕೋದ ಹೊತ್ತಿನಲ್ಲಿದ್ದಾರೆ, ಬೇಸಿಗೆಯ ಉರ್ಲಾಬಿಗೆ ತಯಾರಿ ಎಂದು ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ನನ್ನ ಕಣ್ಣಿಗೂ ಟಾರ್ಚು ಬಿಟ್ಟು ನೋಡಿದಳು.

ಅವಳು ಹೋದ ಮೇಲೆ ಭಾವ ಗೋಡೆಯ ಕಡೆ ಮುಖ ಮಾಡಿದರು. "ಇನ್ನು ಮೆಕ್ಸಿಕೋ ಬೇಡ ಮಾರಾಯ. ಎಲ್ಲಿಗೂ ಬೇಡ."

"ಇಷ್ಟೆಲ್ಲ ಅಭ್ಯಾಸ ಯಾಕೆ ಭಾವ? ಸುಮ್ಮನೆ ಹೋಗಬಹುದಿತ್ತಲ್ಲ?"

ಭಾವ ಅಕ್ಕ ಮಲಗಿದ್ದ ಮಂಚದತ್ತ ಹೊರಳಿದರು. "ಇವಳು ಬಂದ ದಿನ ನಾನು ಫ್ರಾಂಕ್‌ಫರ್ಟಿನಲ್ಲಿ ಬೇರೆ ಟರ್ಮಿನಲ್ಲಿನಲ್ಲಿ ಕಾದು ನಿಂತಿದ್ದೆ. ಇವಳು ಭಾಷೆ ಬಾರದೆ, ಪೆಟ್ಟಿಗೆಯ ಮೇಲೆ ಒಬ್ಬಳೇ ಕೂತಿದ್ದಳು. ಆ ಮುಖ ನಾನು ನೋಡಿದೆ. ಇನ್ನೊಂದು ಊರಲ್ಲಿ ಇವಳು ಹಾಗೆ ಹೆದರಬಾರದು ಅಂತ ಎಲ್ಲ ಮೊದಲೇ ತಿಳಿದುಕೊಳ್ಳಲಿಕ್ಕೆ ಹೋದೆ. ಇವತ್ತು ಏನು ಮಾಡಿದೆ ನೋಡು."

ನಿದ್ದೆ ಹೋಗಿದ್ದಾಳೆಂದು ನಾವು ತಿಳಿದಿದ್ದ ಅಕ್ಕ ಪಕ್ಕದ ಮಂಚದಲ್ಲಿ ಮುಖದ ಮಾಸ್ಕು ಸರಿಸಿದಳು.

"ಹೆದರಿದ್ದು ಹೌದು. ಆಮೇಲೆ ನೀವು ಆ ಕಡೆಯಿಂದ ಓಡಿ ಬಂದಿರಿ. ಒಂದು ಶೂ ಬಿಚ್ಚಿಹೋಗಿತ್ತು, ಜನ ಎಲ್ಲ ನೋಡ್ತಿದ್ರು. ನನಗೆ ನಗು ಬಂತು, ಹೆದರಿಕೆ ಹೋಯಿತು. ಅದಕ್ಕೇನು ಪ್ರಾಕ್ಟೀಸ್ ಮಾಡಿ ಬಂದಿದ್ರಾ?"

ಭಾವ ತಮ್ಮ ಬರಿಗಾಲನ್ನು ನೋಡಿಕೊಂಡರು.

"ಬೇಸಿಗೆಗೆ ಹೋಗುವ" ಎಂದಳು ಅಕ್ಕ. "ಹೆದರುವುದಿದ್ದರೆ ಅಲ್ಲಿಯೇ ಹೋಗಿ ಹೆದರುವ."

ಭಾವ ಅವಳತ್ತ ಕೈ ಚಾಚಿದರು. ನಳಿಕೆ ಎಳೆಯಿತು, ಗೇಣು ದೂರ ಉಳಿಯಿತು. ನಾನು ಬಗ್ಗಿ, ಅಕ್ಕನ ಮಂಚದ ಗಾಲಿಯ ಬ್ರೇಕು ತೆಗೆದು, ಮೆಲ್ಲಗೆ ತಳ್ಳಿದೆ.