ಟವೆಲ್ಲಿನೊಳಗಿನ ಹೆಡ್‌ಸೆಟ್

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ತೊಗರಿ ವರ್ತಕರ ಹಾಗೂ ಬೆಳೆಗಾರರ ಸಂಯುಕ್ತ ಕ್ರೀಡಾ ಕೂಟವು ಇದುವರೆಗೆ ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿಲ್ಲವೆಂದು ಸರ್ವರ ಗಮನಕ್ಕೆ ತರಲಾಗಿದೆ. ಆದ್ದರಿಂದ ವಿಆರ್ ಹೆಡ್‌ಸೆಟ್ ಖರೀದಿಯಲ್ಲಿ ಕೂಟ ಎಡವಿತು ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಆಡಿಕೊಳ್ಳುವವರು ಇದನ್ನು ಓದಿ ಬಾಯಿ ಮುಚ್ಚಿಕೊಳ್ಳತಕ್ಕದ್ದು. ಕಾರ್ಯದರ್ಶಿಯಾದ ನಾನು, ಕಲ್ಯಾಣಕುಮಾರ, ನಡೆದದ್ದನ್ನೆಲ್ಲ ಕಣ್ಣಾರೆ ಕಂಡವನು. ಕೆಲವನ್ನು ಕಣ್ಣು ಕಟ್ಟಿಕೊಂಡೂ ಕಂಡಿದ್ದೇನೆ.

ಕೂಟಕ್ಕೆ ಆಳಂದದಲ್ಲಿ ಒಂದು ದಾಲ್ ಮಿಲ್ಲಿನ ಹಿಂದೆ ಸ್ವಂತ ಕೋಣೆ ಇದೆ. ಕೇರಂ ಬೋರ್ಡ್ ಇದೆ. ಅದರ ಮೇಲೆ ತೊಗರಿಯ ನಮೂನೆ ಹರಡುವುದರಿಂದ ಆಟಕ್ಕೆ ಸಿಗುವುದಿಲ್ಲ. ವಾಲಿಬಾಲ್ ನೆಟ್ ಇದೆ; ಅಧ್ಯಕ್ಷರ ಮನೆಯ ಮಾಳಿಗೆ ಮೇಲೆ ಒಣಹಾಕಿದ ಮೆಣಸಿನಕಾಯಿಗೆ ಕೋಳಿ ಬಾಯಿ ಹಾಕದಂತೆ ಅದನ್ನು ಹೊದಿಸಲಾಗಿದೆ. ಹೀಗೆ ಕ್ರೀಡೆ ಸಾಂಗವಾಗಿ ನಡೆದಿರುವಾಗ, ನೋಟು ಬದಲಾದ ಮರುವರ್ಷ, ಕೂಟದ ಕಂಪ್ಯೂಟರ್ ಆಪರೇಟರ್ ಪಲ್ಲವಿ ಸಭೆಯಲ್ಲಿ ಎದ್ದು ನಿಂತಳು.

ಪಲ್ಲವಿ ಸರಸಂಬಾದ ಹುಡುಗಿ. ದಿನಾ ಬಸ್ಸಿಗೆ ಬಂದು ತೊಗರಿಯ ದರ ಟೈಪು ಮಾಡಿ, ಕೆಲಸ ಮುಗಿದ ಮೇಲೆ ಅರ್ಬಾಜನ ಮೊಬೈಲ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಆಟ ಕಟ್ಟುತ್ತಿದ್ದಳು. ಆಡುವವನು ಹೂ ಬಿಟ್ಟ ತೊಗರಿ ಹೊಲದಲ್ಲಿ ನಿಂತಿರುತ್ತಾನೆ, ಹಳ್ಳದ ಕಡೆಯಿಂದ ಕಾಡುಹಂದಿಗಳು ಬರುತ್ತವೆ, ಅವನು ಕವಣೆ ಬೀಸಿ ಓಡಿಸಬೇಕು. ಕಲಬುರಗಿಯ ಒಂದು ಕಾಲೇಜಿನವರು ಇಂಥ ಆಟಗಳಿಗೆ ಸ್ಪರ್ಧೆ ಇಟ್ಟಿದ್ದರು. ಗೆದ್ದವರಿಗೆ ಪುಣೆಯಲ್ಲಿ ಆಟ ಕಟ್ಟುವ ವಿದ್ಯೆ ಪೂರ್ತಿ ಕಲಿಸುತ್ತಾರಂತೆ. ಆದರೆ ಆಟವನ್ನು, ಕಣ್ಣಿಗೆ ಕಟ್ಟಿಕೊಂಡರೆ ಆ ಹೊಲದಲ್ಲೇ ನಿಂತಂತೆ ಕಾಣಿಸುವ ಹೆಡ್‌ಸೆಟ್ ಹಾಕಿ ಪರೀಕ್ಷಿಸಿ ತಪ್ಪು ತಿದ್ದಿಯೇ ಒಯ್ಯಬೇಕು.

"ಸರ, ಹೂವು, ಕಾಯಿ, ಬದು, ಬದುವಿನ ಮ್ಯಾಲಿನ ಜಾಲಿಗಿಡ, ಎಲ್ಲಾ ನಾನೇ ಮಾಡೇನಿ" ಎಂದಳು ಪಲ್ಲವಿ. "ಆದ್ರ ಪರದಾದ ಮ್ಯಾಲಷ್ಟೇ ನೋಡೇನಿ. ನಾ ಮಾಡಿದ ಹೊಲದಾಗ ನಾ ಒಮ್ಮೆ ನಿಂತು ನೋಡಬೇಕ್ರಿ. ಇಲ್ಲಾಂದ್ರ ತಪ್ಪು ಎಲ್ಲಿ ಅದ ಅಂತ ಹೆಂಗ ಗೊತ್ತಾಗಬೇಕು? ಹೋಳಿ ಆದ ಮ್ಯಾಲ ಸ್ಪರ್ಧಾ ಅದ. ಕೂಟದಿಂದ ಒಂದು ಹೆಡ್‌ಸೆಟ್ ತರಸ್ರಿ. ಮೆಂಬರ್ಸೂ ಆಡಬಹುದು."

ಅಧ್ಯಕ್ಷರಾದ ಬೀರಣ್ಣನವರು ಮೊದಲು ದನದ ಸಂತೆಯಲ್ಲಿ ದಲಾಲಿ ಮಾಡಿ, ಅನಂತರ ತೊಗರಿಗೆ ಬಂದವರು. ಯಾವ ಮಾಲನ್ನೂ ಹಲ್ಲು ಎಣಿಸದೆ ಕೊಂಡವರಲ್ಲ. ಅವರು ಅರ್ಬಾಜನನ್ನು ಕರೆಸಿ ಹೆಡ್‌ಸೆಟ್ಟಿನ ಗುಣದೋಷ ಹೇಳೆಂದರು. ಅರ್ಬಾಜ ವ್ಯಾಪಾರಿಯಾದರೂ ಸುಳ್ಳು ಹೇಳಲಿಲ್ಲ.

"ನೋಡ್ರಿ ಕಾಕಾ, ಇದು ಇನ್ನಾ ಶುರೂದ ಮಾಡೆಲ್ ಅದ. ವಯರ್ ಜೋತಾಡ್ತದ. ಚಿತ್ರ ಸ್ವಲ್ಪ ಮಬ್ಬು. ಭಾಳ ಹೊತ್ತು ಹಾಕಿದ್ರ ತಲಿ ತಿರಗ್ತದ, ಒಬ್ಬೊಬ್ಬರಿಗೆ ವಾಂತಿನೂ ಆಗ್ತದ. ಮುಂದಿನ ಮಾಡೆಲ್ ಇನ್ನಾ ಛಲೋ ಬರ್ತದ ಅಂತಾರ."

"ಹಂಗಾದ್ರ ಈಗ್ಯಾಕ ತಗೋಬೇಕು?" ಎಂದರು ಬೀರಣ್ಣ.

"ಅದರ ಮುಂದಿಂದು ಬಂದಾಗ, ಅದರ ಮುಂದಿಂದು ಇನ್ನಾ ಛಲೋ ಇರ್ತದಲ್ರಿ" ಎಂದರು ಖಜಾಂಚಿ ಗುರುಶಾಂತಮ್ಮ. ಇವರು ಕರಜಗಿಯಲ್ಲಿ ಕಬ್ಬಿನ ಜೊತೆ ತೊಗರಿಯನ್ನೂ ಬೆಳೆಯುವವರು, ಅಫಜಲಪುರ ತಾಲೂಕಿನ ಪ್ರತಿನಿಧಿ. "ಹಿಂಗ ಕಾಯ್ಕೋತ ಕುಂತ್ರ ನಾವು ಹೋಗ್ತೇವಿ, ಮಾಡೆಲ್ ಬರ್ತಾವ."

ಈ ಮಾತಿನಲ್ಲಿ ತಥ್ಯವಿರುವುದು ಕಂಡುಬಂದದ್ದರಿಂದ ಅದನ್ನು ಚರ್ಚಿಸಲಿಲ್ಲ. ಕೊನೆಗೆ ಸರ್ವಾನುಮತದಿಂದ ಠರಾವಾಯಿತು: ಹೆಡ್‌ಸೆಟ್ ಕೊಳ್ಳತಕ್ಕದ್ದು, ಆದರೆ ಕೊಳ್ಳುವಲ್ಲಿ ಅವಸರ ಮಾಡತಕ್ಕದ್ದಲ್ಲ.

ಮೊದಲು ದರ ಕುದುರಬೇಕಿತ್ತು. ನಾನು ಕೊಟೇಶನ್ ಕೇಳೋಣವೆಂದೆ. ಬೀರಣ್ಣನವರು ಹೆಗಲಿನ ಟವೆಲ್ ತೆಗೆದು ತಮ್ಮ ಬಲಗೈಯ ಮೇಲೆ ಹಾಸಿದರು. ದನದ ಸಂತೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಏರಿಸುತ್ತಾರೆ, ಇಳಿಸುತ್ತಾರೆ; ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಅರ್ಬಾಜನ ಅಜ್ಜನೂ ಅದೇ ಸಂತೆಯವನಾದ್ದರಿಂದ ಅರ್ಬಾಜನಿಗೆ ಇದು ತಿಳಿದಿತ್ತು. ಅವನು ಕೈ ಒಳಗೆ ಹಾಕಿದ. ಟವೆಲ್ ಬಹಳ ಹೊತ್ತು ಅಲ್ಲಾಡಿತು. ಒಮ್ಮೆ ಅರ್ಬಾಜ "ಇಲ್ಲ ಕಾಕಾ, ಸತ್ತ ಹೋಗ್ತೇನಿ" ಎಂದ. ಕೊನೆಗೆ ಇಬ್ಬರೂ ನಕ್ಕು ಕೈ ಹೊರಗೆ ತೆಗೆದರು. ವ್ಯವಹಾರ ಕುದುರಿತ್ತು.

"ಎಷ್ಟಕ್ಕ ಮುಗೀತ್ರಿ?" ಎಂದು ನಾನು ಪೆನ್ನು ಹಿಡಿದು ಕೇಳಿದೆ.

ಬೀರಣ್ಣನವರು ನಾನು ಅವರ ಮನೆತನದ ಬಗ್ಗೆ ಏನೋ ಕೇಳಿದಂತೆ ನೋಡಿದರು. "ಟವೆಲ್ ಒಳಗಿನ ಮಾತು ಹೊರಗ ಹೇಳಂಗಿಲ್ಲೋ ಕಲ್ಯಾಣಕುಮಾರ. ಹೇಳಿದ್ರ ವ್ಯವಹಾರ ಮುರೀತದ."

ಅರ್ಬಾಜನೂ ಹೇಳಲಿಲ್ಲ. ಬಿಲ್ಲಿನಲ್ಲಿ ದರ ಬರೆಯುವ ಜಾಗದಲ್ಲಿ ಅವನು "ಅಧ್ಯಕ್ಷರಿಗೆ ಗೊತ್ತು" ಎಂದು ಬರೆದುಕೊಟ್ಟ. ಗುರುಶಾಂತಮ್ಮ ಚೆಕ್ಕಿಗೆ ಸಹಿ ಹಾಕಲು ಒಪ್ಪಲಿಲ್ಲ. "ಎಷ್ಟು ಅಂತ ಗೊತ್ತಿಲ್ಲದ ಚೆಕ್ಕಿಗೆ ನಾ ಹೆಂಗ ಸಹಿ ಹಾಕ್ಲಿ? ಬೇಕಾದ್ರ ನಾನೂ ಒಳಗ ಕೈ ಹಾಕ್ತೇನಿ, ನನ್ನ ಬೆರಳಿಗೆ ಹೇಳ್ರಿ." ಆದರೆ ಟವೆಲ್ಲಿನ ಒಳಗೆ ಮೂರನೆಯ ಕೈಗೆ ಅವಕಾಶವಿಲ್ಲ. ಹೆಂಗಸರ ಕೈಯನ್ನು ಟವೆಲ್ಲಿನೊಳಗೆ ಬಿಟ್ಟುಕೊಳ್ಳುವ ಬಗ್ಗೆ ಮೂರೂ ತಾಲೂಕುಗಳ ಉಪಸಮಿತಿ ನೇಮಿಸಲಾಯಿತು. ಜೇವರ್ಗಿಯ ಸದಸ್ಯರು ತೊಗರಿ ರಾಶಿ ಮುಗಿಯುವ ತನಕ ಬರಲಾಗದೆಂದು ತಿಳಿಸಿದ್ದರಿಂದ ಉಪಸಮಿತಿ ಇಂದಿಗೂ ಸೇರಿಲ್ಲ.

ಹಾಗೆಂದು ಕೂಟ ಕೈಕಟ್ಟಿ ಕೂಡಲಿಲ್ಲ. ಹೆಡ್‌ಸೆಟ್ ಬರುವ ಮೊದಲೇ ಅದಕ್ಕೆ ಬೇಕಾದದ್ದನ್ನೆಲ್ಲ ಸಜ್ಜುಗೊಳಿಸಲಾಯಿತು. ತಲೆ ತಿರುಗುವುದಕ್ಕೆ ತಿರುಗುವ ಕುರ್ಚಿ ಬಂತು. ವಾಂತಿಗೆ ಬಕೆಟ್ ಬಂತು. ಆಡುವವರು ಗೋಡೆಗೆ ಹಾಯಬಾರದೆಂದು ಅವರ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿಯಲು ಇಬ್ಬರು ಹಮಾಲರನ್ನು ಗೊತ್ತುಮಾಡಲಾಯಿತು. ಕೊನೆಗೆ ಬೀರಣ್ಣನವರು ಬಹಳ ದೂರದೃಷ್ಟಿಯ ಮಾತೊಂದನ್ನು ಹೇಳಿದರು: ಹೆಡ್‌ಸೆಟ್ ಹಾಕಿಕೊಂಡರೆ ಎದುರಿಗಿನದು ಕಾಣುವುದಿಲ್ಲ, ಕಾಣದೆ ಇರುವುದಕ್ಕೆ ಸದಸ್ಯರಿಗೆ ರೂಢಿಯಿಲ್ಲ, ಆದ್ದರಿಂದ ಮೊದಲು ತರಬೇತಿ ಆಗಬೇಕು.

ತರಬೇತಿಗೆ ಅದೇ ಟವೆಲ್ಲನ್ನು ಕಣ್ಣಿಗೆ ಕಟ್ಟಲಾಯಿತು. ಬೀರಣ್ಣನವರೇ ಮೊದಲು ಕುರ್ಚಿಯಲ್ಲಿ ಕೂತರು. ಹಮಾಲರು ಹಗ್ಗ ಹಿಡಿದರು. ಪಲ್ಲವಿ ಪಕ್ಕದಲ್ಲಿ ನಿಂತು, ಆಟದಲ್ಲಿ ಏನೇನು ಕಾಣುತ್ತದೋ ಅದನ್ನು ಹೇಳಬೇಕೆಂದು ಅಪ್ಪಣೆಯಾಯಿತು.

ಅವಳು ಮೊದಲು ಸಪ್ಪೆಯಾಗಿಯೇ ಶುರು ಮಾಡಿದಳು. "ತೊಗರಿ ಹೊಲದಾಗ ನಿಂತೀರಿ. ಸುತ್ತ ಹಳದಿ ಹೂವು ಅದ. ಬೆಳಗಿನ ಇಬ್ಬನಿ ಇನ್ನಾ ಆರಿಲ್ಲ, ಧೋತರದ ಅಂಚು ಒದ್ದಿ ಆಗಾಕತ್ತದ..." ಹೇಳುತ್ತ ಹೇಳುತ್ತ ಹುಡುಗಿಗೆ ಹುರುಪು ಬಂತು. ಎಷ್ಟಾದರೂ ಅವಳೇ ಕಟ್ಟಿದ ಹೊಲ. "ಎಡಗಡೆ ಎಲಿ ಅಲ್ಲಾಡಿತು ನೋಡ್ರಿ! ಹಂದಿ! ದೊಡ್ಡದು, ಕೋರಿಹಲ್ಲು ಮುರದದ. ನಿಮ್ಮನ್ನ ನೋಡಾಕತ್ತದ, ಬೀರಣ್ಣ ಕಾಕಾ. ಗುರುತು ಹಿಡಿದದ!"

"ಅಯ್ಯಯ್ಯೋ!" ಎಂದು ಬೀರಣ್ಣನವರು ಇಲ್ಲದ ಕವಣೆ ಬೀಸಿ, ಕುರ್ಚಿ ಸಮೇತ ಮೂರು ಸುತ್ತು ತಿರುಗಿ, ಒಬ್ಬ ಹಮಾಲನ ಮೇಲೆ ಬಿದ್ದರು. ಟವೆಲ್ ಬಿಚ್ಚಿದಾಗ ಅವರ ಮೋರೆ ಅರಳಿತ್ತು. ಇಂಥದ್ದನ್ನು ಜನ್ಮದಲ್ಲಿ ನೋಡಿಲ್ಲವೆಂದರು.

ಅಂದಿನಿಂದ ತರಬೇತಿಗೆ ಸಾಲು ಹತ್ತಿತು. ಜೇವರ್ಗಿಯವರು ರಾಶಿ ಬಿಟ್ಟು ಬಂದರು. ನಾನೂ ಕಟ್ಟಿಸಿಕೊಂಡೆ. ನನ್ನ ಹೊಲದಲ್ಲಿ ಹಂದಿಯ ಜೊತೆ ಮರಿಗಳೂ ಇದ್ದವು. ಒಂದು ಮರಿ ಕುಂಟುತ್ತಿತ್ತು. ಅದನ್ನು ಹೊಡೆಯಲು ನನ್ನಿಂದ ಆಗಲಿಲ್ಲ. ಪಲ್ಲವಿಯ ಗಂಟಲು ಮಾತ್ರ ಸಂಜೆಗೆ ಕೂತುಹೋಗುತ್ತಿತ್ತು. ಬಸ್ಸಿನ ಹೊತ್ತು ಮೀರುತ್ತಿತ್ತು, ಅರ್ಬಾಜನ ಅಂಗಡಿಯ ಕಂಪ್ಯೂಟರಿನತ್ತ ಹೋಗುವುದೇ ತಪ್ಪಿತು.

ಹೋಳಿ ಹತ್ತಿರ ಬಂದಾಗ ಅರ್ಬಾಜನಿಗೇ ಕನಿಕರವಾಗಿ, ಬಿಲ್ಲಿನ ಹಣ ಬರದಿದ್ದರೂ ಒಂದು ಮಧ್ಯಾಹ್ನ ಹೆಡ್‌ಸೆಟ್ಟನ್ನೂ ಕಂಪ್ಯೂಟರನ್ನೂ ಆಟೋದಲ್ಲಿ ಹಾಕಿಕೊಂಡು ಬಂದ. "ಸಂಜಿಗೆ ಇದನ್ನ ಅಫಜಲಪುರದ ಗಿರಾಕಿ ಒಬ್ಬರು ಒಯ್ತಾರ. ಅಲ್ಲಿತನಕ ಪಲ್ಲವಿ ಹಾಕ್ಕೊಂಡು ನೋಡ್ಲಿ" ಎಂದ. ಪಲ್ಲವಿ ಕೈ ತೊಳೆದು ಬಂದು ಹೆಡ್‌ಸೆಟ್ಟನ್ನು ಎತ್ತಿಕೊಂಡಳು. ಅದರ ಪಟ್ಟಿಯನ್ನು ತನ್ನ ತಲೆಯ ಅಳತೆಗೆ ಬಿಗಿ ಮಾಡಿದಳು.

"ನಮೂನಿ ಮೊದಲು ಯಾರು ನೋಡ್ಬೇಕು?" ಎಂದರು ಬೀರಣ್ಣ.

ಪದ್ಧತಿಯ ಪ್ರಕಾರ ಮೊದಲು ಅಧ್ಯಕ್ಷರು, ಆಮೇಲೆ ತಾಲೂಕುವಾರು ಸದಸ್ಯರು, ಕೊನೆಗೆ ಸಿಬ್ಬಂದಿ. ಪಲ್ಲವಿ ಪಟ್ಟಿಯನ್ನು ಸಡಿಲ ಮಾಡಿ ಕೊಟ್ಟಳು. ಬೀರಣ್ಣನವರು ಹಾಕಿಕೊಂಡು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಮಾತಾಡಂಗಿಲ್ಲಲ್ಲ ಇದು?" ಎಂದರು.

"ಕಾಣ್ತದಲ್ರಿ ಕಾಕಾ, ಮಾತ್ಯಾಕ ಬೇಕು?" ಎಂದ ಅರ್ಬಾಜ.

"ಇಬ್ಬನಿ ಎಲ್ಲದ? ಧೋತರ ಎಲ್ಲಿ ಒದ್ದಿ ಆತು? ಹಂದಿ ಬಂತು ಖರೆ, ಆದ್ರ ನನ್ನ ಗುರುತೇ ಹಿಡೀಲಿಲ್ಲ. ಪಲ್ಲವಿ ಹಂದಿ ಮುಂದ ಇದು ಏನೂ ಅಲ್ಲ." ಅವರು ಹೆಡ್‌ಸೆಟ್ ತೆಗೆದು ಮುಂದಿನವರಿಗೆ ಕೊಟ್ಟರು.

ಸದಸ್ಯರೆಲ್ಲ ಸಾಲಾಗಿ ನೋಡಿ, ಮಾಲು ಕಳಪೆಯೆಂದು ಅಭಿಪ್ರಾಯಪಟ್ಟರು. ಚಿತ್ರ ಮಬ್ಬು. ಮರಿ ಕುಂಟುವುದಿಲ್ಲ. ಒಬ್ಬರಿಗೆ ವಾಂತಿಯಾಯಿತು, ಬಕೆಟ್ ಉಪಯೋಗಕ್ಕೆ ಬಂದದ್ದು ಕೂಟದ ಮುಂದಾಲೋಚನೆಗೆ ಸಾಕ್ಷಿ. ಕೊನೆಯ ಸದಸ್ಯರು ನೋಡಿ ಮುಗಿಸುವಾಗ ಸಂಜೆಯಾಗಿ, ಅಫಜಲಪುರದ ಗಿರಾಕಿ ಬಾಗಿಲಲ್ಲಿ ನಿಂತಿದ್ದರು. ಅರ್ಬಾಜ ಪಲ್ಲವಿಯ ಮುಖ ನೋಡಲಾರದೆ ವಯರ್ ಸುತ್ತಿ ಚೀಲಕ್ಕೆ ಹಾಕಿದ. ನನಗೆ ಬಹಳ ಕೆಟ್ಟದೆನಿಸಿತು. ಹಾಗೆನಿಸುವುದಕ್ಕೆ ಸಭೆಯ ಅನುಮತಿ ಇಲ್ಲದ ಕಾರಣ ನಡಾವಳಿಯಲ್ಲಿ ಬರೆಯಲಿಲ್ಲ.

ಮರುದಿನದ ಸಭೆಯಲ್ಲಿ ಅಂತಿಮ ತೀರ್ಮಾನವಾಯಿತು. ಹೆಡ್‌ಸೆಟ್ ಕೊಳ್ಳತಕ್ಕದ್ದಲ್ಲ. ಅದಕ್ಕಿಂತ ಉತ್ತಮವಾದದ್ದು ಕೂಟದಲ್ಲಿ ಈಗಾಗಲೇ ಇರುವುದರಿಂದ ಪಲ್ಲವಿಯನ್ನು ಹೆಡ್‌ಸೆಟ್ ಹುದ್ದೆಗೆ ನೇಮಿಸತಕ್ಕದ್ದು. ಹೆಡ್‌ಸೆಟ್ಟನ್ನು ತಣ್ಣಗೆ ಇಡತಕ್ಕದ್ದು, ಫ್ಯಾನ್ ಕೊಡಲಾಗುವುದು. ಸದಸ್ಯರು ಹೆಡ್‌ಸೆಟ್ಟಿನೊಂದಿಗೆ ಜಗಳವಾಡತಕ್ಕದ್ದಲ್ಲ. ಹೆಡ್‌ಸೆಟ್ಟನ್ನು ಕೂಟದ ಕೋಣೆಯಿಂದ ಹೊರಗೆ ಒಯ್ಯತಕ್ಕದ್ದಲ್ಲ.

"ಸರ, ಪರೀಕ್ಷಾ ಮಾಡ್ಲಿಲ್ಲಾಂದ್ರೂ ಆತು, ಆಟ ಇದ್ದಂಗೇ ಒಯ್ತೇನಿ" ಎಂದಳು ಪಲ್ಲವಿ. "ಸ್ಪರ್ಧಾ ದಿನ ಕಲಬುರಗಿಗೆ ಹೋಗಾಕ ಒಂದು ದಿನ ರಜಾ ಕೊಡ್ರಿ. ಅಲ್ಲೇ ಕಾಲೇಜಿನಾಗ ಅವರ ಹೆಡ್‌ಸೆಟ್ ಹಾಕ್ಕೊಂಡು ಒಮ್ಮೆ ನೋಡ್ತೇನಿ."

ಬೀರಣ್ಣನವರು ನಿಜವಾಗಿಯೂ ನೊಂದರು. ಅವರು ಕೆಟ್ಟವರಲ್ಲ. "ನಿನಗ ಬ್ಯಾಡ ಅನ್ನಂಗಿಲ್ಲವ್ವಾ ತಂಗಿ. ನೀ ಹೋಗು. ಆದ್ರ ಹೆಡ್‌ಸೆಟ್ ಹೆಂಗ ಹೊರಗ ಕಳಸೋದು? ನಿಯಮ ಆಗಿಬಿಟ್ಟದ."

ಹೊರಗೆ ಸದಸ್ಯರ ಸಾಲು ಕಾಯುತ್ತಿತ್ತು. ಪಲ್ಲವಿ ಬಾಗಿಲು ಮುಂದೆ ಮಾಡಿ, ತಿರುಗುವ ಕುರ್ಚಿಯಲ್ಲಿ ತಾನೇ ಕೂತು, ಟವೆಲ್ಲನ್ನು ತನ್ನ ಕಣ್ಣಿಗೆ ತಾನೇ ಕಟ್ಟಿಕೊಂಡಳು.

"ಈಗ ನೀವು ಹೇಳ್ರಿ ಸರ" ಎಂದಳು ನನಗೆ. "ನನ್ನ ಹೊಲದಾಗ ಏನೇನದ?"

ನಾನು ಬಾಯಿ ತೆರೆದೆ. ತೊಗರಿ ಇದೆ ಎಂದೆ. ಹೂ ಇದೆ ಎಂದೆ. ಮತ್ತೆ ತೊಗರಿ ಇದೆ ಎಂದೆ. ಅವಳು ಇಬ್ಬನಿಗೋ ಹಂದಿಗೋ ಕಾಯುತ್ತ ಹಾಗೇ ಕೂತಿದ್ದಳು. ಹಮಾಲರು ರೂಢಿಯಂತೆ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದು ನಿಂತಿದ್ದರು.

ಹೊರಗಿನಿಂದ ಜೇವರ್ಗಿಯವರೊಬ್ಬರು ಬಾಗಿಲು ತಟ್ಟಿದರು. "ಏನಾತ್ರಿ? ಹೆಡ್‌ಸೆಟ್ ಕೆಟ್ಟದೇನು?"

ಗುರುಶಾಂತಮ್ಮ ಒಂದು ಕಪ್ ಚಹಾ ತಂದು ಪಲ್ಲವಿಯ ಕೈಗೆ ಕೊಟ್ಟು, ಬಾಗಿಲ ಕಡೆ ತಿರುಗಿ ಹೇಳಿದರು: "ಕೆಟ್ಟಿಲ್ಲ, ಚಾರ್ಜಿಗೆ ಹಚ್ಚೇವ್ರಿ. ತಡೀರಿ ಸ್ವಲ್ಪ."

ಸದಸ್ಯರು ಹಾಗೋ ಎಂದು ತಲೆಯಾಡಿಸಿ, ಜಗುಲಿಯ ಮೇಲೆ ಕೂತು ಕಾಯತೊಡಗಿದರು.